ಕಿವಿಯಿಲ್ಲದ ಹಿಮ್ಮೇಳ

ವೇಷಧಾರಿಗೆ ಹಿಮ್ಮೇಳವು ಬೇಕೆಂಬುದು ದಕ್ಷಿಣ ಕನ್ನಡದವರಿಗೆ ಹೊಸದಾಗಿ ತಿಳಿಸಬೇಕಾದ ವಿಷಯವಲ್ಲ. ಭಾಗವತನ ಜಾಗಟೆ, ಮದ್ದಳೆ, ಚೆಂಡೆ, ಶ್ರುತಿ ಇವು ರಂಗಸ್ಥಳದ ಹಿಂಬದಿಯಲ್ಲಿ ಏತಕ್ಕೆ ಇರುತ್ತವೆಂಬುದನ್ನು ಆಟದ ಗದ್ದೆಯಲ್ಲಿ ಒಂದು ರಾತ್ರಿ ಎಚ್ಚರವಿದ್ದ ಬಾಲಕನೂ ಬಲ್ಲನು. ವೇಷಧಾರಿಯು ಆವೇಶಗೊಂಡು ಎರಡು ಸುತ್ತು ಹೆಚ್ಚಾಗಿ ಕುಣಿದರೆ ಚೆಂಡೆಯು ಅದನ್ನರಿತು ಏರುತ್ತದೆ. ಆತನಿಗೆ ದಣಿವಾದರೆ ಭಾಗವತನು ಪದವನ್ನು ಎಳೆದು ಉಸಿರಾಡಲು ಎಡೆಗೊಡುತ್ತಾನೆ. ಹೆಜ್ಜೆ ತಪ್ಪಿದರೆ ಮದ್ದಳೆಗಾರನ ಹುಬ್ಬು ಗಂಟಿಕ್ಕುತ್ತದೆ. ಮುಮ್ಮೇಳವು ಹಿಮ್ಮೇಳವನ್ನು ಎಷ್ಟು ಎಚ್ಚರದಿಂದ ಕೇಳುವುದೋ ಹಿಮ್ಮೇಳವೂ ಮುಮ್ಮೇಳವನ್ನು ಅಷ್ಟೇ ಎಚ್ಚರದಿಂದ ಕೇಳುತ್ತಿರುತ್ತದೆ. ಈ ಪರಸ್ಪರ ಶ್ರವಣವಿದ್ದಲ್ಲಿ ಮಾತ್ರವೇ ಮೇಳವೆಂಬ ಶಬ್ದವು ಸಾರ್ಥಕವಾಗುವುದು.

ಈಗ ಮಂಗಳೂರಿನ ಮನೆಮನೆಗಳಲ್ಲಿ ಬೇರೊಂದು ಬಗೆಯ ಹಿಮ್ಮೇಳವು ಬಂದು ನೆಲಸಿದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ದಣಿವಿಲ್ಲ, ಸಂಭಾವನೆಯ ಗೊಡವೆಯೂ ಇಲ್ಲ. ತರುಣರು ಅದನ್ನು ಟ್ರ್ಯಾಕ್ ಎಂದು ಕರೆಯುತ್ತಾರೆ. ಪ್ರಧಾನವಾದ್ಯವೊಂದನ್ನು ಬಿಟ್ಟು ಉಳಿದುವೆಲ್ಲವನ್ನೂ ನುಡಿಸಿ ಮುದ್ರಿಸಿಟ್ಟ ಧ್ವನಿಗೆ ಆ ಹೆಸರು. ಕಲಿಯುವವನು ಕೈಯೊಳಗಿನ ಫೋನನ್ನು ತೆರೆದು, ಯಾವನೋ ಅಪರಿಚಿತನು ಯಾವುದೋ ಖಂಡದಲ್ಲಿ ಸಿದ್ಧಪಡಿಸಿದ ಇಂಥ ಧ್ವನಿಯೊಂದನ್ನು ಹುಡುಕಿ, ಕಿವಿಗೆ ಸಿಕ್ಕಿಸಿಕೊಂಡು ಅದರ ಮೇಲೆ ತನ್ನ ವಾದ್ಯವನ್ನು ನುಡಿಸುತ್ತಾನೆ. ಭಜನೆ, ಚಲನಚಿತ್ರಗೀತೆ, ಭರತನಾಟ್ಯ ಇವೆಲ್ಲಕ್ಕೂ ಈಗ ಇಂತಹ ಸಿದ್ಧ ಹಿಮ್ಮೇಳವು ದೊರೆಯುವುದು. ಎಲ್ಲವನ್ನೂ ಇಲ್ಲಿ ವಿಚಾರಿಸುವುದು ಶಕ್ಯವಲ್ಲ. ಸ್ಥಾಲೀಪುಲಾಕನ್ಯಾಯದಂತೆ ಒಂದು ಅಗುಳನ್ನು ಹಿಚುಕಿ ನೋಡಿದರೆ ಪಾತ್ರೆಯೊಳಗಿನ ಅನ್ನದ ಸ್ಥಿತಿಯು ತಿಳಿಯುವುದಷ್ಟೆ. ಆ ಅಗುಳು ಸರ್ಫ್ ಗಿಟಾರ್ ಎಂಬ ವಾದನಶೈಲಿ.

ಇದನ್ನೇ ಏಕೆ ಆರಿಸಬೇಕೆಂದು ವಾಚಕರು ಕೇಳಬಹುದು. ಮಂಗಳೂರಿನ ಕಡಲತೀರವು ಇತ್ತೀಚಿನ ವರ್ಷಗಳಲ್ಲಿ ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಆಟಕ್ಕೆ ದೇಶದಲ್ಲೆಲ್ಲ ಹೆಸರಾಗಿದೆ. ಮೂಲ್ಕಿಯಲ್ಲಿ ಆ ಆಟವನ್ನು ಕಲಿಸುವವರಿದ್ದಾರೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಸ್ಪರ್ಧೆಯು ೨೦೨೨ರಲ್ಲಿಯೂ ೨೦೨೩ರಲ್ಲಿಯೂ ಪಣಂಬೂರಿನಲ್ಲಿ, ೨೦೨೪ರಲ್ಲಿ ಶಾಂಭವೀ ನಂದಿನಿಗಳು ಕಡಲನ್ನು ಸೇರುವ ಸಸಿಹಿತ್ಲುವಿನಲ್ಲಿ ನಡೆಯಿತು. ಆಟದ ಬೆನ್ನಿಗೆ ಆಟದ ಸಂಗೀತವೂ ತರುಣರ ಕಿವಿಗೆ ಬೀಳುವುದು ಸಹಜವೇ. ಗಿಟಾರಾದರೋ ಈ ಊರಿಗೆ ಪರಕೀಯವಲ್ಲ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿಯೂ ಇಗರ್ಜಿಯ ಗಾಯನವೃಂದಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವ ವಾದ್ಯವದು.

ಈ ಶೈಲಿಯು ೧೯೬೦ರ ಆಸುಪಾಸಿನಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮೊಳೆಯಿತು. ಇದರ ಪ್ರವರ್ತಕರಲ್ಲಿ ಅಗ್ರಗಣ್ಯನಾದ ಡಿಕ್ ಡೇಲನು ಸ್ವತಃ ಅಲೆಯೇರುವವನು. ತಂದೆಯ ಕಡೆಯಿಂದ ಲೆಬನಾನಿನ ಮೂಲದವನು. ಆತನು ೧೯೬೨ರಲ್ಲಿ ಮುದ್ರಿಸಿದ ‘ಮಿಸಿರ್ಲೂ’ ಎಂಬ ಕೃತಿಯು ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಜಾನಪದ ಧಾಟಿ. ೧೯೨೭ರಲ್ಲಿಯೇ ಅದು ಗ್ರೀಕ್ ಭಾಷೆಯಲ್ಲಿ ಧ್ವನಿಮುದ್ರಿತವಾಗಿತ್ತು. ಪಿಕ್ಕಿನಿಂದ ಒಂದೇ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಎಡೆಬಿಡದೆ ಮೀಟಿ, ನಿಮಿಷಕ್ಕೆ ೧೫೦ ಎಣಿಕೆಯನ್ನು ಮೀರಿದ ವೇಗದಲ್ಲಿ ಆತನು ಅದನ್ನು ನುಡಿಸಿದನು. ೧೯೬೧ರಲ್ಲಿ ಫೆಂಡರ್ ಕಂಪೆನಿಯು ಹೊರತಂದ, ಧ್ವನಿಯನ್ನು ಸ್ಪ್ರಿಂಗುಗಳ ಮೂಲಕ ಹಾಯಿಸಿ ಗುಹೆಯೊಳಗಿನ ಮಾರ್ದನಿಯಂತೆ ಮಾಡುವ ಪೆಟ್ಟಿಗೆಯು ಈ ಶೈಲಿಗೆ ಮುದ್ರೆಯೊತ್ತಿದಂತಾಯಿತು.

ಇಲ್ಲಿ ಕೆಲಮಂದಿ ಹಿರಿಯರು ಮೂಗು ಮುರಿಯುವರು. ‘ಈ ಮ್ಲೇಚ್ಛಗದ್ದಲಕ್ಕೆ ಸಾಹಿತ್ಯಸಂಘದ ಪತ್ರಿಕೆಯಲ್ಲಿ ಎಡೆಯೇಕೆ? ಟ್ರ್ಯಾಕಿದ್ದರೇನು, ಇಲ್ಲದಿದ್ದರೇನು?’ ಎಂಬುದು ಅವರ ವಾದ. ಅವರು ಮಿಸಿರ್ಲೂವಿನ ಸ್ವರಗಳನ್ನು ಒಮ್ಮೆ ಎಣಿಸಿ ನೋಡಲಿ. ಗಿಟಾರಿನ ಅತಿಮಂದ್ರದ ತಂತಿಯನ್ನು ಷಡ್ಜವೆಂದು ಹಿಡಿದರೆ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ ಇವೇ ಆ ಧಾಟಿಯ ಮೈಕಟ್ಟು. ಹದಿನೈದನೆಯ ಮೇಳಕರ್ತವಾದ ಮಾಯಾಮಾಳವಗೌಳದ ಸ್ವರಗಳೂ ಇವೇ. ಪುರಂದರದಾಸರು ಬಾಲಪಾಠಕ್ಕಾಗಿ ಗೊತ್ತುಪಡಿಸಿದರೆಂದು ಪರಂಪರೆಯು ಹೇಳುವ, ರಥಬೀದಿಯ ಮಗುವೂ ಬಲ್ಮಠದ ಮಗುವೂ ಸರಳೆವರಸೆಯನ್ನು ಆರಂಭಿಸುವ ರಾಗವದು. ರಾಗವೆಂದರೆ ಸ್ವರಗಳ ಪಟ್ಟಿ ಮಾತ್ರವಲ್ಲವೆಂಬುದು ನಿಜ. ಗಮಕವೂ ಸಂಚಾರವೂ ಬೇರೆ. ಆದರೂ ಮನೆಯ ಹೊಸ್ತಿಲಲ್ಲಿ ಬಿದ್ದಿರುವ ಸ್ವರಗಳನ್ನು ಪರದೇಶದ ಗದ್ದಲವೆಂದು ತಳ್ಳುವುದು ವಿವೇಕವಲ್ಲ.

ವಾದ್ಯವು ಹೊರಗಿನದೆಂಬ ಆಕ್ಷೇಪಕ್ಕೂ ಈ ಊರಿನಲ್ಲಿಯೇ ಉತ್ತರವುಂಟು. ಸ್ಯಾಕ್ಸೋಫೋನಿನಷ್ಟು ಹೊರಗಿನ ವಾದ್ಯವು ಇನ್ನೊಂದಿದ್ದೀತೆ? ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರರ ಬಳಿ ಕುಳಿತು ಕಲಿತರು; ಅನಂತರ ಮದರಾಸಿನಲ್ಲಿ, ಮೃದಂಗವನ್ನೂ ಬಲ್ಲ ಗಾಯಕರಾದ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ೨೦೧೯ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿಯೇ ಕಾಲವಾದರು. ಆ ಲೋಹದ ಕೊಳವೆಗೆ ಗಮಕವು ಒಲಿದುದು ಗುರುವಿನ ಕಿವಿಯ ಮುಂದೆ, ಸಹವಾದಕರ ಸಾಂಗತ್ಯದಲ್ಲಿ. ಆದುದರಿಂದ ಇಲ್ಲಿನ ವ್ಯಾಜ್ಯವು ಗಿಟಾರಿನ ಮೇಲಲ್ಲ, ಕಡಲಾಚೆಯ ಧಾಟಿಯ ಮೇಲೂ ಅಲ್ಲ. ಅಭ್ಯಾಸಕ್ಕೆ ಕುಳಿತವನು ಯಾರ ಸಂಗಡ ಕುಳಿತಿದ್ದಾನೆಂಬುದೇ ಪ್ರಶ್ನೆ.

ಸಿದ್ಧ ಹಿಮ್ಮೇಳವು ನಿನ್ನೆಮೊನ್ನೆಯದಲ್ಲ. ೧೯೫೦ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ವಾದ್ಯವನ್ನು ಬಿಟ್ಟು ಮುದ್ರಿಸಿದ ತಟ್ಟೆಗಳನ್ನು ಮಾರುವ ಮ್ಯೂಸಿಕ್ ಮೈನಸ್ ವನ್ ಎಂಬ ಸಂಸ್ಥೆಯು ಹುಟ್ಟಿತು. ೧೯೬೫ರಲ್ಲಿ ವೆಂಚರ್ಸ್ ಎಂಬ ಪ್ರಸಿದ್ಧ ಗಿಟಾರುವೃಂದವು ತನ್ನ ಕೃತಿಗಳನ್ನು ಕಲಿಸುವ ತಟ್ಟೆಯನ್ನೇ ಹೊರಡಿಸಿತು. ೧೯೭೧ರಲ್ಲಿ ಜಪಾನಿನ ಕೋಬೆ ನಗರದ ಡೈಸುಕೆ ಇನೋಯೆ ಎಂಬಾತನು ಹಾಡುಗಾರನಿಲ್ಲದ ಹಾಡನ್ನು ನುಡಿಸುವ ಯಂತ್ರವನ್ನು ಮಾಡಿದನು. ಅದರ ಹೆಸರಾದ ಕರವೋಕೆ ಎಂಬುದಕ್ಕೆ ಬರಿದಾದ ವಾದ್ಯವೃಂದವೆಂದೇ ಅರ್ಥ. ಬೆಂಗಳೂರಿನ ಜಿ. ರಾಜನಾರಾಯಣರು ೧೯೭೯ರಲ್ಲಿ ವಿದ್ಯುತ್ ತಂಬೂರಿಯನ್ನು ರೂಪಿಸಿದರು. ೨೦೧೯ರಲ್ಲಿ ಪ್ಯಾರಿಸಿನ ಡೀಜರ್ ಸಂಸ್ಥೆಯು ಹೊರಬಿಟ್ಟ ಸ್ಪ್ಲೀಟರ್ ಎಂಬ ತಂತ್ರಾಂಶವು, ಮುದ್ರಿತವಾದ ಯಾವ ಗೀತದಿಂದಲಾದರೂ ಕಂಠವನ್ನೂ ವಾದ್ಯಗಳನ್ನೂ ಬೇರ್ಪಡಿಸಿ ಕೊಡಬಲ್ಲುದು. ಹೀಗೆ ಒಂದು ಕಾಲಕ್ಕೆ ದುರ್ಲಭವಾಗಿದ್ದುದು ಇಂದು ಮಳೆಗಾಲದ ಹುಲ್ಲಿನಂತೆ ಎಲ್ಲೆಂದರಲ್ಲಿ ದೊರೆಯುತ್ತಿದೆ. ಸುಲಭವಾದುದೆಲ್ಲವೂ ಹಿತವಾದುದಲ್ಲವೆಂಬುದನ್ನು ಮಾತ್ರ ಜನರು ಮರೆತಿದ್ದಾರೆ.

ಸಿದ್ಧ ಹಿಮ್ಮೇಳದ ದೋಷಗಳು ಮುಖ್ಯವಾಗಿ ಮೂರು.

ಮೊದಲನೆಯದು ಬಧಿರತೆ. ವೇದಪಾಠಶಾಲೆಯಲ್ಲಿ ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳುವ ಸಂಥೆಯ ಕ್ರಮವುಂಟಷ್ಟೆ. ಅಲ್ಲಿ ಫಲವಿರುವುದು ಗುರುವು ಹೇಳುವುದರಲ್ಲಿ ಎಷ್ಟೋ, ಆತನು ಕೇಳುವುದರಲ್ಲಿಯೂ ಅಷ್ಟೇ. ಶಿಷ್ಯನ ಸ್ವರಿತವು ಒಂದು ಎಳೆಯಷ್ಟು ಜಾರಿದರೆ ಗುರುವಿನ ಬೆರಳು ಮೇಲೇಳುವುದು. ಯಂತ್ರವು ಹೇಳಬಲ್ಲುದು, ಕೇಳಲಾರದು. ಗಿಟಾರಿನವನು ಅರ್ಧ ಮಾತ್ರೆ ಮುಂದೆ ಓಡಿದರೂ ಅದರ ಡೋಲು ತನ್ನ ಪಾಡಿಗೆ ತಾನು ಬಡಿಯುತ್ತಿರುವುದು; ಆತನು ನಿಂತೇ ಹೋದರೂ ಅದು ನಿಲ್ಲುವುದಿಲ್ಲ.

ಎರಡನೆಯದು ಆಚ್ಛಾದನೆ. ಹತ್ತು ವಾದ್ಯಗಳು ತುಂಬಿ ನುಡಿಯುತ್ತಿರುವಾಗ ಹನ್ನೊಂದನೆಯದರ ತಪ್ಪು ಕಿವಿಗೆ ಬೀಳುವುದಿಲ್ಲ. ಸರ್ಫ್ ಗಿಟಾರಿನಲ್ಲಿ ಈ ಅಪಾಯವು ಇಮ್ಮಡಿ. ಏಕೆಂದರೆ ಸ್ಪ್ರಿಂಗಿನ ಮಾರ್ದನಿಯು ಒಂದು ಮೀಟನ್ನು ಇನ್ನೊಂದರ ಮೇಲೆ ಹರಡಿ, ಎಡವಿದ ಬೆರಳನ್ನೂ ಗಂಭೀರವೆಂಬಂತೆ ತೋರಿಸುವುದು. ಎರವಲು ಒಡವೆಯನ್ನು ಹೇರಿಕೊಂಡ ಮದುವಣಗಿತ್ತಿಯಂತೆ ವಾದನವು ಮಿರುಗುತ್ತದೆ. ಒಡವೆಯನ್ನು ಕಳಚಿಟ್ಟ ದಿನ ಮನೆಯವರಿಗೆ ನಿಜಸ್ಥಿತಿಯು ತಿಳಿಯುವುದು.

ಮೂರನೆಯದು ಅಕಾಲದಲ್ಲಿ ಫಲಭೋಗ. ಅಭ್ಯಾಸವೆಂದರೆ ಕಠಿನವಾದ ಒಂದು ಸಂಗತಿಯನ್ನು ನೂರು ಸಲ ಬಿಡಿಸಿ ನೋಡುವ ಕೆಲಸ. ಟ್ರ್ಯಾಕು ಆರಂಭದಿಂದ ಅಂತ್ಯದವರೆಗೆ ಎಳೆದುಕೊಂಡು ಹೋಗುವುದರಿಂದ, ಬಾರದ ಎಡೆಯಲ್ಲಿ ನಿಲ್ಲಲು ಅವಕಾಶವೂ ಇಲ್ಲ, ಮನಸ್ಸೂ ಇಲ್ಲ. ಬಾರದುದು ಬಾರದೆಯೇ ಉಳಿದು, ಕಚೇರಿ ಮಾಡಿದ ಸಂತೋಷವು ಮಾತ್ರ ದಿನದಿನವೂ ಬರುತ್ತಿರುವುದು. ಹೀಗೆ ಕೃತಿಗಳ ಸಂಖ್ಯೆಯು ಬೆಳೆಯುತ್ತದೆ, ಕೈ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಮೂರು ದೋಷಗಳ ಪರಿಣಾಮವು ನಾಲ್ವರು ತರುಣರು ಒಂದೆಡೆ ಕೂಡಿದ ದಿನ ಕಾಣಿಸಿಕೊಳ್ಳುವುದು. ಪ್ರತಿಯೊಬ್ಬನೂ ತನ್ನ ಕೋಣೆಯಲ್ಲಿ ವೀರನೇ. ಜೊತೆಯಲ್ಲಿ ನುಡಿಸತೊಡಗಿದೊಡನೆ ಒಬ್ಬನು ಓಡುತ್ತಾನೆ, ಇನ್ನೊಬ್ಬನು ಎಳೆಯುತ್ತಾನೆ, ಮೂರನೆಯವನು ತನ್ನ ಧ್ವನಿಯನ್ನೇ ಏರಿಸುತ್ತಾನೆ, ನಾಲ್ಕನೆಯವನಿಗೆ ಎಲ್ಲಿ ಸೇರಬೇಕೆಂಬುದೇ ತಿಳಿಯುವುದಿಲ್ಲ. ಅವರಲ್ಲಿ ಯಾರೂ ಇನ್ನೊಬ್ಬನ ಮುಖವನ್ನು ನೋಡುವುದಿಲ್ಲ. ನೋಡುವ ಅಭ್ಯಾಸವೇ ಅವರಿಗೆ ಆಗಿಲ್ಲ. ಇವರು ಸೋಮಾರಿಗಳಲ್ಲ, ಮೂಢರೂ ಅಲ್ಲ. ತಮ್ಮನ್ನು ಕೇಳದ ಹಿಮ್ಮೇಳದೊಡನೆ ವರ್ಷಗಟ್ಟಲೆ ದುಡಿದು, ತಾವೂ ಕೇಳದವರಾದರು.

ಇನ್ನು ಪೂರ್ವಪಕ್ಷ. ಟ್ರ್ಯಾಕಿನ ಪಕ್ಷಪಾತಿಗಳು ಮೂರು ಮಾತುಗಳನ್ನು ಮುಂದಿಡುತ್ತಾರೆ. ‘ನಗರದಲ್ಲಿ ಜೊತೆಗಾರರು ಎಲ್ಲಿದ್ದಾರೆ? ನಾಲ್ಕನೆಯ ಮಹಡಿಯ ಮನೆಯಲ್ಲಿ ಡೋಲು ಬಡಿದರೆ ನೆರೆಯವರು ಸುಮ್ಮನಿರುವರೆ?’ ಎಂಬುದು ಒಂದು. ‘ತಂಬೂರಿಯ ಪೆಟ್ಟಿಗೆಯನ್ನು ಗುರುಗಳೇ ಇಟ್ಟುಕೊಳ್ಳುವಾಗ ಗಿಟಾರಿನವನ ಟ್ರ್ಯಾಕು ಮಾತ್ರ ಪಾಪವೇ?’ ಎಂಬುದು ಎರಡು. ‘ಸಿದ್ಧವಾದುದು ಬೇಡವೆಂದರೆ ತಾನೇ ಮಾಡಿಕೊಳ್ಳಬೇಕಾಗುವುದು, ಕಲಿಯುವವನು ವಾದ್ಯವನ್ನು ಕಲಿಯಬೇಕೋ ಮುದ್ರಣಕಾರನಾಗಬೇಕೋ?’ ಎಂಬುದು ಮೂರು.

ಮೊದಲನೆಯ ಮಾತು ಸತ್ಯವೇ. ಜೊತೆಗಾರರಿಲ್ಲದ ದಿನಕ್ಕೆ ಏನಾದರೊಂದು ಆಸರೆಯು ಬೇಕು. ಹಾಗೆಂದು ಆಸರೆಯ ಕೋಲನ್ನೇ ಕಾಲೆಂದು ತಿಳಿಯಲಾಗದು. ಎರಡನೆಯದಕ್ಕೆ ಉತ್ತರವೇನೆಂದರೆ, ತಂಬೂರಿಯು ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲುವುದಲ್ಲದೆ ನಡೆಯನ್ನು ತಾನಾಗಿ ನಿರ್ಣಯಿಸುವುದಿಲ್ಲ. ತಂತಿಯದಿರಲಿ, ಪೆಟ್ಟಿಗೆಯದಿರಲಿ, ಅದು ಗೋಡೆಯಂತೆ ತಪ್ಪನ್ನು ತೋರಿಸುತ್ತದೆ. ಟ್ರ್ಯಾಕಾದರೋ ತೆರೆಯಂತೆ ಅದನ್ನು ಮುಚ್ಚುತ್ತದೆ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಸಂಗೀತಜ್ಞರು ಹೇಳುವುದುಂಟು. ತಾಯಿಯ ಮಡಿಲನ್ನು ಪೆಟ್ಟಿಗೆಯು ಸ್ವಲ್ಪಮಟ್ಟಿಗೆ ಅನುಕರಿಸಬಲ್ಲುದಾದರೂ, ತಪ್ಪಿದಾಗ ಗದರಿಸುವ ತಂದೆಯ ಕೆಲಸವನ್ನು ಮಾಡಲಾರದು.

ಮೂರನೆಯ ಮಾತಿನಲ್ಲಿಯೇ ಪ್ರಕೃತ ವಿವಾದದ ಮರ್ಮವು ಅಡಗಿದೆ. ಹಿಮ್ಮೇಳವನ್ನು ಮಾಡಿಕೊಳ್ಳುವುದು ಅಭ್ಯಾಸಕ್ಕೆ ಮುಂಚಿನ ಬೇಸರದ ಸಿದ್ಧತೆಯೆಂದು ಅವರು ಭಾವಿಸಿದ್ದಾರೆ. ವಾಸ್ತವವಾಗಿ ಅದೇ ಅಭ್ಯಾಸದ ಉತ್ತಮಾಂಗ. ಬೇಯಿಸಿದ ಅನ್ನವನ್ನು ನಿತ್ಯವೂ ಹೊರಗಿನಿಂದ ತರಿಸಿಕೊಳ್ಳುವವನಿಗೆ ಅಕ್ಕಿಯ ಜಾತಿಯಾಗಲಿ ನೀರಿನ ಅಳತೆಯಾಗಲಿ ತಿಳಿಯುವುದಿಲ್ಲ. ಸರ್ಫ್ ಗಿಟಾರಿನ ಒಂದು ಚಿಕ್ಕ ಹಿಮ್ಮೇಳವನ್ನು ಸ್ವಹಸ್ತದಿಂದ ಮಾಡುವ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ಮೊದಲು ಆಧಾರ. ಮಿಸಿರ್ಲೂವಿನ ಆರಂಭಭಾಗವು ಬಹಳ ಹೊತ್ತು ಒಂದೇ ಸ್ವರದ ನೆಲದ ಮೇಲೆ ನಿಲ್ಲುವುದರಿಂದ, ಅತಿಮಂದ್ರದ ತಂತಿಯ ಸ್ವರವನ್ನು ಷಡ್ಜವಾಗಿಟ್ಟು ತಂಬೂರಿಯನ್ನು ಮೀಟಿ ಮುದ್ರಿಸಿದರೆ ಅದೇ ಮೊದಲನೆಯ ಹಿಮ್ಮೇಳ. ಅದರ ಮೇಲೆ ಸರಳೆವರಸೆಯನ್ನು ಪಿಕ್ಕಿನ ಮೇಲ್ಮೀಟು ಕೆಳಮೀಟುಗಳಿಂದ ಮೂರು ಕಾಲಗಳಲ್ಲಿ ನುಡಿಸಿದವನಿಗೆ, ಕ್ಯಾಲಿಫೋರ್ನಿಯಾದ ಅರ್ಧ ದಾರಿಯು ಕಾರ್‌ಸ್ಟ್ರೀಟಿನಲ್ಲಿಯೇ ಸವೆದಂತಾಯಿತು.

ಅನಂತರ ಲಯ. ಈ ಶೈಲಿಯ ಡೋಲಿನ ನಡೆಯು ನಾಲ್ಕು ಎಣಿಕೆಯದು. ಒಂದು ಮೂರರಲ್ಲಿ ದೊಡ್ಡ ಡೋಲಿನ ಪೆಟ್ಟು. ಎರಡರಲ್ಲಿ ಚಿಕ್ಕ ಡೋಲಿನ ಎರಡು ಚುರುಕು ಪೆಟ್ಟು. ನಾಲ್ಕರಲ್ಲಿ ಒಂದೇ ಪೆಟ್ಟು. ಇದನ್ನು ‘ಧಿಂ, ತಕ, ಧಿಂ, ತಾ’ ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ಹಾಕಿ, ನಿಮಿಷಕ್ಕೆ ೬೦ ಎಣಿಕೆಯ ವಿಳಂಬದಲ್ಲಿ ಮೇಜಿನ ಹಲಗೆಯ ಮೇಲೆ ತಟ್ಟಿ ಮುದ್ರಿಸಬೇಕು. ಹೀಗೆ ಮೂರು ನಿಮಿಷ ತಟ್ಟಿದುದನ್ನು ಮರಳಿ ಕೇಳಿದರೆ ತಾನು ಎಲ್ಲಿ ಓಡಿದೆ, ಎಲ್ಲಿ ಎಳೆದೆ ಎಂಬುದು ಗುರುವಿಲ್ಲದೆಯೇ ಗೊತ್ತಾಗುವುದು. ನೆಟ್ಟಗಿಲ್ಲದಿದ್ದರೆ ಅಳಿಸಿ ಮತ್ತೆ ತಟ್ಟಬೇಕು. ಇದಕ್ಕೆ ಡೋಲು ಬೇಡ. ನಾಲ್ಕನೆಯ ಮಹಡಿಯ ನೆರೆಯವರ ನಿದ್ದೆಗೂ ಭಂಗವಿಲ್ಲ.

ಮೂರನೆಯದಾಗಿ ಮಂದ್ರದ ನಡೆ. ಮಂದ್ರದ ತಂತಿಗಳ ಮೇಲೆ ಎಣಿಕೆಗೊಂದರಂತೆ ಸ್ವರಗಳನ್ನಿಟ್ಟು ಅದನ್ನೂ ಮುದ್ರಿಸಬೇಕು. ನಾಲ್ಕನೆಯದಾಗಿ ಕಾರ್ಡುಗಳೆಂಬ ಸ್ವರಗುಚ್ಛಗಳು. ಅಂಗೈಯಿಂದ ತಂತಿಯನ್ನು ಅರೆ ಅದುಮಿ ತುಂಡುತುಂಡಾಗಿ ಮೀಟಿದರೆ ಸಾಕು. ಧಾಟಿಯು ಎಲ್ಲಿ ನೆಲವನ್ನು ಬದಲಿಸುವುದು, ಏಕೆ ಬದಲಿಸುವುದು ಎಂಬುದನ್ನು ಇಲ್ಲಿ ತಾನೇ ನಿರ್ಣಯಿಸಬೇಕಾಗುವುದರಿಂದ, ಕೃತಿಯ ಕಟ್ಟಡವೆಲ್ಲವೂ ಬುದ್ಧಿಗೆ ಗೋಚರಿಸುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು: ಮೌನ. ಎಂಟು ಆವರ್ತಗಳಿಗೊಮ್ಮೆ ಎರಡು ಆವರ್ತಗಳ ಕಾಲ ಹಿಮ್ಮೇಳವನ್ನು ಬರಿದಾಗಿ ಬಿಡಬೇಕು. ಆ ಬಯಲಿನಲ್ಲಿ ಗಿಟಾರು ಒಂಟಿಯಾಗಿ ನಡೆಯಲಿ. ಡೋಲು ಮರಳಿ ಬಂದಾಗ ಎರಡೂ ಒಂದೇ ಪೆಟ್ಟಿನಲ್ಲಿ ಕೂಡಿದರೆ ಲಯವು ತನ್ನದಾಯಿತು; ಕೂಡದಿದ್ದರೆ ಅದುವರೆಗಿನ ಲಯವು ಡೋಲಿನದಾಗಿತ್ತೇ ಹೊರತು ತನ್ನದಾಗಿರಲಿಲ್ಲ. ಕಿವಿಯಿಲ್ಲದ ಯಂತ್ರದಿಂದಲೂ ಪರೀಕ್ಷಕನ ಕೆಲಸವನ್ನು ಮಾಡಿಸುವ ಉಪಾಯವಿದು. ಮಾರಾಟದ ಟ್ರ್ಯಾಕುಗಳಲ್ಲಿ ಇಂಥ ಮೌನವು ಅಪೂರ್ವ. ಕೊಂಡವನನ್ನು ಸಂತೋಷಪಡಿಸಬೇಕಾದವರು ಅವನನ್ನು ಬಯಲಲ್ಲಿ ನಿಲ್ಲಿಸಿ ಪರೀಕ್ಷಿಸುವರೇ?

ಇದಕ್ಕೆಲ್ಲ ಬೇಕಾದ ಸಾಮಗ್ರಿಯು ಸಾಮಾನ್ಯ ಮನೆಯಲ್ಲಿಯೇ ಉಂಟು. ಫೋನು ಮುದ್ರಿಸುವುದು, ಒಂದರ ಮೇಲೊಂದನ್ನು ಹೊಂದಿಸಲು ಆಡಾಸಿಟಿಯಂತಹ ತಂತ್ರಾಂಶವು ಬಿಟ್ಟಿಯಾಗಿಯೇ ದೊರೆಯುವುದು. ಅಮೆರಿಕೆಯ ಲೆಸ್ ಪಾಲ್ ಎಂಬ ಗಿಟಾರ್ ವಾದಕನು ಇಂತಹ ಯಾವ ಅನುಕೂಲವೂ ಇಲ್ಲದ ೧೯೪೮ರ ಕಾಲದಲ್ಲಿ, ತಟ್ಟೆಯ ಮೇಲೆ ಕೊರೆದುದನ್ನು ಮರಳಿ ನುಡಿಸುತ್ತ ಅದರ ಮೇಲೆ ಮತ್ತೊಂದನ್ನು ಕೊರೆದು, ತಾನೊಬ್ಬನೇ ಹಲವು ಗಿಟಾರುಗಳ ವೃಂದವಾದನು. ಆತನನ್ನು ಮುದ್ರಣಕಾರನಾಗಿ ಕೆಟ್ಟನೆಂದು ಯಾರೂ ಹೇಳಲಿಲ್ಲ. ಮುದ್ರಿಸಿದುದನ್ನು ಕೇಳಿ ಕೇಳಿಯೇ ಆತನ ವಾದನವು ಹರಿತವಾಯಿತು.

ಹಾಗಾದರೆ ಸ್ವಹಸ್ತದ ಹಿಮ್ಮೇಳವೇ ಸಿದ್ಧಾಂತವೋ? ಅಲ್ಲ. ಅದು ಸಿದ್ಧಾಂತಕ್ಕೆ ಸೋಪಾನ. ಸ್ವತಃ ಮಾಡಿದ ಟ್ರ್ಯಾಕಿಗೂ ಕಿವಿಯು ಹುಟ್ಟುವುದಿಲ್ಲ; ಆದರೆ ಅದನ್ನು ಮಾಡಿದವನಿಗೆ ಹುಟ್ಟುತ್ತದೆ. ಡೋಲಿನವನ ಕಷ್ಟವನ್ನೂ ಮಂದ್ರದವನ ತಾಳ್ಮೆಯನ್ನೂ ಒಂದೊಂದಾಗಿ ಅನುಭವಿಸಿದವನು ನಾಳೆ ಅವರೊಡನೆ ಕೂಡಿದಾಗ ಅವರನ್ನು ಕೇಳಬಲ್ಲನು. ಯಕ್ಷಗಾನದಲ್ಲಿ ಹಿಮ್ಮೇಳವನ್ನು ಬಲ್ಲ ವೇಷಧಾರಿಗೆ ವಿಶೇಷವಾದ ಮನ್ನಣೆಯಿರುವುದು ಇದೇ ಕಾರಣದಿಂದ.

ಆದುದರಿಂದ ವಿದ್ಯಾವಂತ ಕುಟುಂಬಗಳು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕಾಗಿದೆ. ಮಗನಿಗೋ ಮಗಳಿಗೋ ಗಿಟಾರನ್ನು ಕೊಡಿಸಿ, ಫೋನನ್ನು ಕೊಡಿಸಿ, ಕೋಣೆಯ ಬಾಗಿಲನ್ನು ಮುಚ್ಚಿದರೆ ತಂದೆತಾಯಿಗಳ ಕರ್ತವ್ಯವು ಮುಗಿಯಲಿಲ್ಲ. ವಾರಕ್ಕೊಂದು ಸಂಜೆ ಮನೆಯ ಜಗಲಿಯನ್ನು ಮಕ್ಕಳ ಜೊತೆಗಾರರಿಗೆ ಬಿಟ್ಟುಕೊಡಬೇಕು, ಗದ್ದಲವನ್ನು ಸಹಿಸಬೇಕು, ಸಾಧ್ಯವಾದರೆ ಒಂದು ಲೋಟ ಕಾಫಿಯನ್ನೂ ಕೊಡಬೇಕು. ಮೃದಂಗ ತಬಲೆಗಳನ್ನು ಕಲಿತು ಕರೆಯುವವರಿಲ್ಲದೆ ಕುಳಿತಿರುವವರನ್ನು ಕರೆದು, ಯಥಾಶಕ್ತಿ ಸಂಭಾವನೆಯನ್ನಿತ್ತು, ಮಕ್ಕಳ ಎದುರಿಗೆ ಕುಳ್ಳಿರಿಸಬೇಕು. ಜಿಲ್ಲೆಯ ಸಂಘಸಂಸ್ಥೆಗಳು ತಮ್ಮ ಸಭಾಭವನಗಳನ್ನು ಭಾಷಣಗಳಿಗೆ ಮಾತ್ರ ಮೀಸಲಿಡದೆ, ತಿಂಗಳಿಗೊಂದು ಸಂಜೆ ಇಂತಹ ಕೂಡುವಾದನಕ್ಕೆ ತೆರೆದರೆ ಅದಕ್ಕೆ ತಗಲುವ ವೆಚ್ಚವು ದೀಪದ್ದೂ ಬೀಸಣಿಗೆಯದ್ದೂ ಮಾತ್ರ.

ಅಲೆಯೇರುವವನು ಮನೆಯ ತೊಟ್ಟಿಯಲ್ಲಿ ಎಷ್ಟೇ ಕಾಲ ಹಲಗೆಯ ಮೇಲೆ ನಿಂತರೂ ಸಸಿಹಿತ್ಲುವಿನ ಅಳಿವೆಯು ಅವನಿಗೆ ರಿಯಾಯಿತಿ ತೋರಿಸುವುದಿಲ್ಲ. ಅಲ್ಲಿನ ಅಲೆಯು ಪ್ರತಿಯೊಂದೂ ಬೇರೆ. ಅದನ್ನು ನೋಡಿ, ಕಾದು, ಅದರೊಡನೆ ಏಳಬೇಕು. ಆ ಆಟದ ಹೆಸರನ್ನು ಹೊತ್ತ ಸಂಗೀತವನ್ನು ಕಲಿಯುವವರು ಇಷ್ಟನ್ನಾದರೂ ಆ ಆಟದಿಂದ ಕಲಿಯಲಿ. ಅಲಮತಿವಿಸ್ತರೇಣ.